ಮೂರು ಅಕ್ಷರದ ಆಸ್ತಿ: ಅಮೆರಿಕದ ರೇಡಿಯೊ ಕೇಂದ್ರಗಳು ಹೆಸರಿಟ್ಟುಕೊಂಡ ಬಗೆ

'ಕಾಲ್ ಲೆಟರ್ ಬಗ್ಗೆ ಬರೆಯುತ್ತಿದ್ದೇನೆ' ಎಂದು ಮನೆಯಲ್ಲಿ ಹೇಳಿದಾಗ ಅಮ್ಮಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು 'ಯಾವ ಬ್ಯಾಂಕಿನಿಂದ ಬಂತು?' ಎಂದು ಕೇಳಿದರು. ನಮ್ಮ ಕಡೆ ಕಾಲ್ ಲೆಟರ್ ಎಂದರೆ ಕೆಲಸದ ಸಂದರ್ಶನಕ್ಕೆ ಕರೆಯುವ ಕಾಗದ. ಅಮೆರಿಕದಲ್ಲಿ ಅದೇ ಮಾತಿಗೆ ಇನ್ನೊಂದು ಅರ್ಥವಿದೆ. ಅಲ್ಲಿ ಪ್ರತಿ ರೇಡಿಯೊ ಕೇಂದ್ರಕ್ಕೂ ಸರ್ಕಾರ ಒಪ್ಪಿದ ಮೂರು ಅಥವಾ ನಾಲ್ಕು ಇಂಗ್ಲಿಷ್ ಅಕ್ಷರಗಳ ಒಂದು ಗುರುತು ಇರುತ್ತದೆ. ಅದಕ್ಕೆ ಕಾಲ್ ಲೆಟರ್ಸ್ ಎನ್ನುತ್ತಾರೆ. ನಾನು ಈ ಲೇಖನದಲ್ಲಿ ಅವನ್ನು ಕರೆಯಕ್ಷರ ಎಂದು ಕರೆಯುತ್ತೇನೆ.

ವಾಣಿಜ್ಯ ವಿದ್ಯಾರ್ಥಿಗೂ ಅಮೆರಿಕದ ರೇಡಿಯೊಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನಮ್ಮ ಚಪ್ಪಲಿ ಅಂಗಡಿಯಿಂದ ಶುರುವಾಯಿತು. ದಾದಾ ಹಾಕಿದ ಅಂಗಡಿಯನ್ನು ಅಬ್ಬಾ ಮತ್ತು ಚಾಚಾ ಇಷ್ಟು ವರ್ಷ ಜೊತೆಯಲ್ಲಿ ನಡೆಸಿದರು. ಈ ವರ್ಷ ಬೇರೆಯಾಗುವುದೆಂದು ತೀರ್ಮಾನವಾಯಿತು. ಜಗಳವೇನೂ ಆಗಿಲ್ಲ, ಎರಡು ಮನೆಗಳ ಖರ್ಚು ಒಂದು ಗಲ್ಲಾಪೆಟ್ಟಿಗೆಯಿಂದ ಸಾಗುತ್ತಿರಲಿಲ್ಲ, ಅಷ್ಟೆ. ಹಿರಿಯರು ಕೂತು ಸ್ಟಾಕು, ಅಡ್ವಾನ್ಸು, ಬರಬೇಕಾದ ಬಾಕಿ, ಕೊಡಬೇಕಾದ ಸಾಲ ಎಲ್ಲ ಬರೆದರು. ಹಳೆಯ ಅಂಗಡಿ ಚಾಚಾಗೆ, ಅಬ್ಬಾ ಬೇರೆ ಬೀದಿಯಲ್ಲಿ ಹೊಸದು ಹಾಕುವುದು. ಆದರೆ ಬೋರ್ಡಿನ ಮೇಲಿರುವ ದಾದಾ ಹೆಸರಿನ ಎರಡು ಅಕ್ಷರ ಯಾರಿಗೆ ಎಂಬುದನ್ನು ಯಾರೂ ಬರೆಯಲಿಲ್ಲ. (ಆ ಅಕ್ಷರಗಳನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಚಾಚಾಗೆ ಪುಕ್ಕಟೆ ಜಾಹೀರಾತು.)

ಅದೇ ವಾರ ತರಗತಿಯಲ್ಲಿ ಪಾಲುದಾರನ ನಿವೃತ್ತಿ ಪಾಠ ನಡೆಯುತ್ತಿತ್ತು. ಗುಡ್‌ವಿಲ್ ಲೆಕ್ಕ ಬಂತು: ಕಳೆದ ಕೆಲವು ವರ್ಷಗಳ ಸರಾಸರಿ ಲಾಭವನ್ನು ಎರಡರಿಂದಲೋ ಮೂರರಿಂದಲೋ ಗುಣಿಸಿ ಹೆಸರಿಗೆ ಬೆಲೆ ಕಟ್ಟುವುದು, ನಿವೃತ್ತನಾಗುವವನಿಗೆ ಅದರಲ್ಲಿ ಪಾಲು ಕೊಡುವುದು. ನಾನು ಮನೆಗೆ ಬಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಮ್ಮ ಅಂಗಡಿಯ ಲೆಕ್ಕ ಮಾಡಿ ಅಬ್ಬಾಗೆ ತೋರಿಸಿದೆ. ಅಬ್ಬಾ ಮೊತ್ತ ನೋಡಿ ನಕ್ಕರು. ಆಮೇಲೆ, 'ಅದು ನಿನ್ನ ದಾದಾ ಹೆಸರು. ಅದಕ್ಕೆ ರೇಟು ಹಾಕ್ತೀಯಾ?' ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಎರಡು ಮೂರು ಅಕ್ಷರಕ್ಕೆ ನಿಜವಾಗಿ ಬೆಲೆ ಬರುವುದು ಎಲ್ಲಿಂದ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಈ ರೇಡಿಯೊ ಕೇಂದ್ರಗಳ ಕಥೆ.

ಮೊದಮೊದಲು ಈ ಅಕ್ಷರಗಳು ಹೆಸರೇ ಆಗಿರಲಿಲ್ಲ. ರೇಡಿಯೊದಲ್ಲಿ ಮಾತು, ಹಾಡು ಬರುವ ಮುಂಚೆ ಹಡಗುಗಳು ತಂತಿಯಿಲ್ಲದ ಟೆಲಿಗ್ರಾಫ್ ಬಳಸುತ್ತಿದ್ದವು. ಕೈಯಿಂದ ಟಕಟಕ ಎಂದು ಮೋರ್ಸ್ ಸಂಕೇತ ಕುಟ್ಟುವವನಿಗೆ ಹಡಗಿನ ಪೂರ್ತಿ ಹೆಸರು ಕುಟ್ಟುತ್ತ ಕೂರಲು ಪುರುಸೊತ್ತಿಲ್ಲ. ಆದ್ದರಿಂದ ಮೂರು ಅಕ್ಷರದ ಗುರುತು. ಟೈಟಾನಿಕ್ ಹಡಗಿನ ಗುರುತು ಎಂ-ಜಿ-ವೈ. ಅದು ಮುಳುಗಿದ 1912ರಲ್ಲೇ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಸೇರಿ ಯಾವ ದೇಶದ ಗುರುತು ಯಾವ ಅಕ್ಷರದಿಂದ ಶುರುವಾಗಬೇಕು ಎಂದು ಹಂಚಿತು. ಅಮೆರಿಕಕ್ಕೆ ಸಿಕ್ಕವುಗಳಲ್ಲಿ ಎನ್ ಅಕ್ಷರ ನೌಕಾಪಡೆಗೆ ಹೋಯಿತು. ಖಾಸಗಿಯವರಿಗೆ ಡಬ್ಲ್ಯು ಮತ್ತು ಕೆ. ಭಾರತಕ್ಕೂ ಹೀಗೆ ಪಾಲು ಬಂದಿದೆ. ನಮ್ಮ ವಿಮಾನಗಳ ಮೈಮೇಲೆ ವಿ-ಟಿ ಎಂದು ಬರೆದಿರುವುದನ್ನು, ನಮ್ಮ ಹ್ಯಾಮ್ ರೇಡಿಯೊದವರು ವಿ-ಯು ಎಂದು ಶುರು ಮಾಡುವುದನ್ನು ನೋಡಿದರೆ ಗೊತ್ತಾಗುತ್ತದೆ.

ಅಮೆರಿಕದಲ್ಲಿ ಆಗ ಲೈಸೆನ್ಸ್ ಮತ್ತು ಅಕ್ಷರ ಕೊಡುತ್ತಿದ್ದ ಇಲಾಖೆ ಯಾವುದು ಗೊತ್ತೆ? ವಾಣಿಜ್ಯ ಇಲಾಖೆ. ಇದನ್ನು ಓದಿ ನನಗೆ ಸ್ವಲ್ಪ ಹೆಮ್ಮೆಯಾಯಿತು. ಅವರು ಹಾಕಿದ ನಿಯಮ ಸರಳ: ನೆಲದ ಮೇಲಿನ ಕೇಂದ್ರ ಪೂರ್ವದಲ್ಲಿದ್ದರೆ ಡಬ್ಲ್ಯು, ಪಶ್ಚಿಮದಲ್ಲಿದ್ದರೆ ಕೆ. 1923ರಿಂದ ಗಡಿ ಮಿಸಿಸಿಪಿ ನದಿ. ಅದಕ್ಕೂ ಮೊದಲು ಗಡಿ ಇನ್ನಷ್ಟು ಪಶ್ಚಿಮಕ್ಕಿತ್ತು, ಹಾಗಾಗಿ ಟೆಕ್ಸಸ್‌ನ ಕೆಲವು ಹಳೆಯ ಕೇಂದ್ರಗಳು ಇಂದಿಗೂ ಡಬ್ಲ್ಯು ಇಟ್ಟುಕೊಂಡಿವೆ. ಉಳಿದ ಅಕ್ಷರಗಳನ್ನು ಗುಮಾಸ್ತರು ಪಟ್ಟಿಯಲ್ಲಿ ಮುಂದಿನದು ಯಾವುದೋ ಅದನ್ನು ಕೊಡುತ್ತ ಹೋದರು. ನಮ್ಮ ಆರ್‌ಟಿಒದಲ್ಲಿ ಗಾಡಿ ನಂಬರು ಕೊಡುವಂತೆಯೇ.

ಹೀಗೆ ಕೊಟ್ಟ ಒಂದು ಗುರುತೇ ಕೆ-ಡಿ-ಕೆ-ಎ. ಪಿಟ್ಸ್‌ಬರ್ಗ್‌ನ ವೆಸ್ಟಿಂಗ್‌ಹೌಸ್ ಕಂಪನಿ ರೇಡಿಯೊ ಪೆಟ್ಟಿಗೆ ಮಾರಬೇಕಿತ್ತು. ಕೇಳಲು ಏನೂ ಇಲ್ಲದಿದ್ದರೆ ಪೆಟ್ಟಿಗೆ ಯಾರು ಕೊಳ್ಳುತ್ತಾರೆ? ಹಾಗೆಂದು ಕಾರ್ಖಾನೆಯ ಮಾಳಿಗೆಯಿಂದ 1920ರ ನವೆಂಬರ್ 2ರಂದು ಅಧ್ಯಕ್ಷರ ಚುನಾವಣೆಯ ಫಲಿತಾಂಶ ಬಿತ್ತರಿಸಿತು. ಊರು ಪೂರ್ವದಲ್ಲಿದೆ, ಆದರೆ ಅಕ್ಷರ ಕೆ. ಕಾರಣ ಇಷ್ಟೆ: ಆ ಕೆಲವು ತಿಂಗಳು ಇಲಾಖೆ ಹಡಗಿನದೋ ನೆಲದ್ದೋ ಎಂದು ನೋಡದೆ ಒಂದೇ ಪಟ್ಟಿಯಿಂದ ಕೊಡುತ್ತಿತ್ತು. ಕೆ-ಡಿ-ಕೆ-ಎ ಎಂದರೆ ಏನೂ ಅರ್ಥವಿಲ್ಲ. ಯಾರೂ ಆರಿಸಿದ್ದಲ್ಲ. ಆದರೂ ನೂರು ವರ್ಷದ ಮೇಲೂ ಅಮೆರಿಕದ ಅತಿ ಪ್ರಸಿದ್ಧ ಕರೆಯಕ್ಷರಗಳಲ್ಲಿ ಅದೂ ಒಂದು.

ಇನ್ನೊಂದು ಉದಾಹರಣೆ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಡಬ್ಲ್ಯು-ಎಸ್-ಬಿ ಎಂಬ ಅಕ್ಷರಗಳು ಮೊದಲು ಫ್ರಾನ್ಸಿಸ್ ಎಚ್. ಲೆಗೆಟ್ ಎಂಬ ಹಡಗಿಗಿದ್ದವು. 1914ರಲ್ಲಿ ಆ ಹಡಗು ಒರೆಗಾನ್ ಕರಾವಳಿಯಲ್ಲಿ ಮುಳುಗಿ ಅದರಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. ಮುಳುಗಿದ ಹಡಗಿನ ಗುರುತನ್ನು ತಮ್ಮ ಹಡಗಿಗೆ ಹಾಕಿಕೊಳ್ಳಲು ನಾವಿಕರು ಹಿಂಜರಿಯುತ್ತಿದ್ದರು. ಅಂಥ ಅಕ್ಷರಗಳು ನೆಲದ ಕೇಂದ್ರಗಳ ಪಾಲಿಗೆ ಬರುತ್ತಿದ್ದವು. 1922ರಲ್ಲಿ ಅಟ್ಲಾಂಟಾ ನಗರದ ಒಂದು ಪತ್ರಿಕೆ ರೇಡಿಯೊ ಕೇಂದ್ರ ತೆರೆದಾಗ ಅದಕ್ಕೆ ಸಿಕ್ಕಿದ್ದು ಇದೇ ಡಬ್ಲ್ಯು-ಎಸ್-ಬಿ. ಅವರು ಅದಕ್ಕೆ 'ವೆಲ್‌ಕಮ್ ಸೌತ್, ಬ್ರದರ್' ಎಂದು ಅರ್ಥ ಹಚ್ಚಿದರು. ದಕ್ಷಿಣಕ್ಕೆ ಬಾ ತಮ್ಮಾ, ಸ್ವಾಗತ ಎಂದು. ಒಂದು ಕಡೆ ಸಾವಿನ ಗುರುತು, ಇನ್ನೊಂದು ಕಡೆ ಆತಿಥ್ಯದ ಮಾತು, ಅಕ್ಷರ ಮಾತ್ರ ಅವೇ ಮೂರು.

ಅರ್ಥ ಹಚ್ಚುವುದರಲ್ಲಿ ಅಮೆರಿಕನ್ನರಿಗಿಂತ ನಾವೇನೂ ಕಡಿಮೆಯಿಲ್ಲ. ಗಾಡಿಗೆ 786 ನಂಬರು ಬೇಕೆಂದು ಆರ್‌ಟಿಒ ಹರಾಜಿನಲ್ಲಿ ದುಡ್ಡು ಸುರಿಯುವವರು ನಮ್ಮ ಮೊಹಲ್ಲಾದಲ್ಲೇ ಇದ್ದಾರೆ. ಇಲಾಖೆಗೆ ಅದು 785 ಆದ ಮೇಲಿನ ನಂಬರು, ಅಷ್ಟೆ.

1922ರ ಕೊನೆಗೆ ಅಮೆರಿಕದಲ್ಲಿ ಐನೂರಕ್ಕೂ ಹೆಚ್ಚು ಬಾನುಲಿ ಕೇಂದ್ರಗಳಿದ್ದವು. ಮೂರಕ್ಷರದ ಗುರುತುಗಳು ಸಾಲದೆ ಬಂದವು. ಲೆಕ್ಕ ನಮ್ಮ ಬೇಸಿಕ್ ಮ್ಯಾಥ್ಸ್ ಓದುವವರಿಗೆ ಸುಲಭ: ಮೊದಲ ಅಕ್ಷರ ಎರಡರಲ್ಲಿ ಒಂದು, ಮುಂದಿನ ಎರಡು ಜಾಗಕ್ಕೆ 26 ಗುಣಿಸು 26, ಒಟ್ಟು 1,352. ಅದರಲ್ಲಿ ಎಷ್ಟೋ ಹಡಗುಗಳ ಬಳಿ ಇದ್ದವು. ನಾಲ್ಕಕ್ಷರ ಮಾಡಿದರೆ 35,152. ಆದ್ದರಿಂದ ನಾಲ್ಕಕ್ಷರವೇ ರೂಢಿಯಾಯಿತು. ಮೂರಕ್ಷರ ಇರುವ ಕೇಂದ್ರವೆಂದರೆ ಹಳೆಯ ಮನೆತನ ಎಂಬ ಗೌರವ ತಾನಾಗಿ ಬಂತು.

ಈ ಹೊತ್ತಿಗೆ ವ್ಯಾಪಾರಿಗಳು ಎಚ್ಚೆತ್ತರು. ಸಿಕ್ಕಿದ್ದಕ್ಕೆ ಅರ್ಥ ಹಚ್ಚುವ ಬದಲು ಬೇಕಾದದ್ದನ್ನೇ ಕೇಳಿ ಪಡೆಯಬಾರದೇಕೆ? ಷಿಕಾಗೊ ಟ್ರಿಬ್ಯೂನ್ ಪತ್ರಿಕೆ ತನ್ನನ್ನು 'ವರ್ಲ್ಡ್ಸ್ ಗ್ರೇಟೆಸ್ಟ್ ನ್ಯೂಸ್‌ಪೇಪರ್' ಎಂದು ಹೇಳಿಕೊಳ್ಳುತ್ತಿತ್ತು. ಅದಕ್ಕೆ ಡಬ್ಲ್ಯು-ಜಿ-ಎನ್ ಬೇಕಿತ್ತು. ಆ ಅಕ್ಷರಗಳು ಒಂದು ಸರೋವರದ ಹಡಗಿನ ಬಳಿ ಇದ್ದವು, ಹಡಗಿನವರು ಬಿಟ್ಟುಕೊಟ್ಟರು. ಅದೇ ಊರಿನಲ್ಲಿ 1924ರಲ್ಲಿ ಸಿಯರ್ಸ್ ರೋಬಕ್ ಎಂಬ ಅಂಗಡಿ ಕಂಪನಿ ಡಬ್ಲ್ಯು-ಎಲ್-ಎಸ್ ತೆರೆಯಿತು, 'ವರ್ಲ್ಡ್ಸ್ ಲಾರ್ಜೆಸ್ಟ್ ಸ್ಟೋರ್', ಜಗತ್ತಿನ ಅತಿ ದೊಡ್ಡ ಅಂಗಡಿ. ನ್ಯಾಶ್‌ವಿಲ್‌ನ ವಿಮಾ ಕಂಪನಿಯೊಂದು 1925ರಲ್ಲಿ ಡಬ್ಲ್ಯು-ಎಸ್-ಎಂ ಪಡೆಯಿತು: 'ವಿ ಶೀಲ್ಡ್ ಮಿಲಿಯನ್ಸ್', ಲಕ್ಷಾಂತರ ಜನರನ್ನು ಕಾಯುತ್ತೇವೆ. ಅದೇ ವರ್ಷ ಶುರುವಾದ, ಮುಂದೆ ಗ್ರಾಂಡ್ ಓಲ್ ಆಪ್ರಿ ಎಂದು ಹೆಸರಾದ ಶನಿವಾರ ರಾತ್ರಿಯ ಹಳ್ಳಿಹಾಡಿನ ಕಾರ್ಯಕ್ರಮವನ್ನು ಕೇಳದವರಿರಲಿಲ್ಲ. ಪಾಲಿಸಿ ಮಾರಲು ಮನೆಮನೆಗೆ ಹೋಗುವ ಏಜೆಂಟರಿಗೆ ಅದರ ಹೆಸರು ಹೇಳಿದರೆ ಬಾಗಿಲು ತೆರೆಯುತ್ತಿತ್ತು. ಪ್ರತಿ ಗಂಟೆ ಕೇಂದ್ರದ ಹೆಸರು ಹೇಳುವುದೇ ಒಂದು ಜಾಹೀರಾತು, ಅದೂ ದುಡ್ಡು ಕೊಡದೆ! ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದ ಬ್ರ್ಯಾಂಡಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಆದರೆ ಮುಂದೆ ಏನಾಯಿತು ನೋಡಿ. ಸಿಯರ್ಸ್ ನಾಲ್ಕೇ ವರ್ಷಕ್ಕೆ, 1928ರಲ್ಲಿ, ಕೇಂದ್ರವನ್ನು ರೈತರ ಪತ್ರಿಕೆಯೊಂದಕ್ಕೆ ಮಾರಿತು. ಕೊಂಡವರು ಅಂಗಡಿಯವರಲ್ಲ, ಆದರೂ ಅಕ್ಷರ ಬದಲಿಸಲಿಲ್ಲ. ಅಷ್ಟರಲ್ಲಿ ಕೇಳುಗರಿಗೆ ಡಬ್ಲ್ಯು-ಎಲ್-ಎಸ್ ಎಂದರೆ ಅಂಗಡಿ ಎಂಬುದು ಮರೆತು, ಸಂಜೆ ಕೇಳುವ ಹಾಡು, ಧಾರಣೆ ಇವೇ ನೆನಪಾಗುತ್ತಿದ್ದವು. ಅತಿ ದೊಡ್ಡ ಅಂಗಡಿ ಎಂದು ಹೇಳಿಕೊಂಡ ಸಿಯರ್ಸ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಷಿಕಾಗೊದಲ್ಲಿ ಡಬ್ಲ್ಯು-ಎಲ್-ಎಸ್ ಈಗಲೂ ಇದೆ. ಮಾಲೀಕ ತುಂಬಿದ ಅರ್ಥ ಹೋಯಿತು, ಕೇಳುಗ ತುಂಬಿದ ಅರ್ಥ ಉಳಿಯಿತು.

ಎಲ್ಲ ಕಡೆ ಹೀಗೆ ಉಳಿಯುವುದಿಲ್ಲ. ನ್ಯೂಯಾರ್ಕಿನಲ್ಲಿ ಸಮಾಜವಾದಿಗಳು 1927ರಲ್ಲಿ ತೆರೆದ ಕೇಂದ್ರ ಡಬ್ಲ್ಯು-ಇ-ವಿ-ಡಿ. ಅದು ಹಿಂದಿನ ವರ್ಷ ತೀರಿಕೊಂಡ ಅವರ ನಾಯಕ ಯುಜೀನ್ ವಿ. ಡೆಬ್ಸ್ ಹೆಸರಿನ ಅಕ್ಷರಗಳು, ದಾದಾ ಹೆಸರಿನ ಬೋರ್ಡಿನ ಹಾಗೆ. ಮುಂದೆ ಅದನ್ನು ಯಿಡ್ಡಿಷ್ ಭಾಷೆಯ ಪತ್ರಿಕೆ ವಹಿಸಿಕೊಂಡಿತು. ಯಿಡ್ಡಿಷ್ ಎಂದರೆ ಯುರೋಪಿನಿಂದ ವಲಸೆ ಬಂದ ಯಹೂದಿಗಳ ಮನೆಮಾತು. ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುತ್ತಾರೆ. ಬೀದಿಯಲ್ಲಿ ಇಂಗ್ಲಿಷ್, ಮನೆಯಲ್ಲಿ ಯಿಡ್ಡಿಷ್ ಆಡುವವರು ಆ ಕೇಂದ್ರ ಹಾಕಿ ಕೂರುತ್ತಿದ್ದರು. ಆಲ್ ಇಂಡಿಯಾ ರೇಡಿಯೊದ ಉರ್ದು ಸರ್ವಿಸ್ ಹಾಕಿಕೊಂಡು ದಾದಾ ಕೂರುತ್ತಿದ್ದದ್ದು ನನಗೆ ನೆನಪಾಯಿತು. ಯಿಡ್ಡಿಷ್ ಆಡುವವರು ಕಡಿಮೆಯಾದರು, ಕಾಲ ಬದಲಾಯಿತು, 2000ದ ನಂತರ ಆ ಕೇಂದ್ರ ಕ್ರೀಡಾ ಚಾನೆಲ್ಲಿನ ಪಾಲಾಯಿತು, ಅಕ್ಷರಗಳನ್ನೂ ಬದಲಿಸಿದರು.

ಈಗ ನನ್ನ ಪ್ರಶ್ನೆಗೆ ಹತ್ತಿರದ ಕಥೆ. ಕೆ-ವೈ-ಡಬ್ಲ್ಯು ಎಂಬುದು ವೆಸ್ಟಿಂಗ್‌ಹೌಸ್ ಕಂಪನಿ 1921ರಲ್ಲಿ ಷಿಕಾಗೊದಲ್ಲಿ ತೆರೆದ ಕೇಂದ್ರ. 1934ರಲ್ಲಿ ಕಂಪನಿ ಅದನ್ನು ಫಿಲಡೆಲ್ಫಿಯಾಕ್ಕೆ ಒಯ್ದಿತು, ಅಕ್ಷರವನ್ನೂ ಜೊತೆಗೇ ಒಯ್ದಿತು. 1956ರಲ್ಲಿ ಎನ್‌ಬಿಸಿ ಎಂಬ ದೊಡ್ಡ ಜಾಲಕ್ಕೆ ಫಿಲಡೆಲ್ಫಿಯಾ ಬೇಕೆನಿಸಿತು. ತಮ್ಮ ಕಾರ್ಯಕ್ರಮಗಳನ್ನು ಕೊಡುವುದಿಲ್ಲ ಎಂದು ವೆಸ್ಟಿಂಗ್‌ಹೌಸನ್ನು ಒತ್ತಾಯಿಸಿ, ಕ್ಲೀವ್‌ಲ್ಯಾಂಡಿನ ತನ್ನ ಕೇಂದ್ರದೊಂದಿಗೆ ಅದಲುಬದಲು ಮಾಡಿಕೊಂಡಿತು. ಕಟ್ಟಡ, ಯಂತ್ರ ಎಲ್ಲ ಕೈಬದಲಾಯಿತು. ಅಕ್ಷರಗಳನ್ನು ಮಾತ್ರ ವೆಸ್ಟಿಂಗ್‌ಹೌಸ್ ಬಿಡದೆ ಕ್ಲೀವ್‌ಲ್ಯಾಂಡಿಗೆ ಹೊತ್ತುಕೊಂಡು ಹೋಯಿತು. ಈ ಅದಲುಬದಲು ಬಲವಂತದ್ದು ಎಂದು ಸರ್ಕಾರ ಕೊನೆಗೆ ಒಪ್ಪಿ, ಹಿಂದಿನಂತೆ ಮಾಡಿ ಎಂದು ಆದೇಶಿಸಿತು. 1965ರಲ್ಲಿ ವೆಸ್ಟಿಂಗ್‌ಹೌಸ್ ಫಿಲಡೆಲ್ಫಿಯಾಕ್ಕೆ ವಾಪಸಾಯಿತು. ಕೆ-ವೈ-ಡಬ್ಲ್ಯು ಕೂಡ ವಾಪಸಾಯಿತು. ಕ್ಲೀವ್‌ಲ್ಯಾಂಡಿನಲ್ಲಿ ಉಳಿದ ಎನ್‌ಬಿಸಿಯವರು ಏನು ಮಾಡಿದರು? ಒಂಬತ್ತು ವರ್ಷದಿಂದ ಜನರ ಬಾಯಲ್ಲಿ ಕೆ-ವೈ-ಡಬ್ಲ್ಯು ಕೂತುಬಿಟ್ಟಿತ್ತು. ಅದನ್ನೇ ತಿರುಗಿಸಿ, ಒಂದಕ್ಷರ ಸೇರಿಸಿ, ಡಬ್ಲ್ಯು-ಕೆ-ವೈ-ಸಿ ಎಂದು ಇಟ್ಟುಕೊಂಡರು. ಅದರ ಟಿವಿ ವಾಹಿನಿ ಇಂದಿಗೂ ಅದೇ ಹೆಸರಲ್ಲಿದೆ.

ಇದನ್ನು ಓದಿದ ಮೇಲೆ ನನಗೆ ಎರಡು ವಿಷಯ ಸ್ಪಷ್ಟವಾಯಿತು. ಹೆಸರು ಕಟ್ಟಡಕ್ಕೆ ಅಂಟಿಕೊಂಡದ್ದಲ್ಲ, ಯಾರದು ಎಂದು ಬರೆದಿಟ್ಟರೆ ಅವರ ಜೊತೆ ಹೋಗುತ್ತದೆ. ಆದರೆ ಜನರ ಕಿವಿಯಲ್ಲಿ ಉಳಿದ ಭಾಗ ಊರಿನಲ್ಲೇ ಉಳಿಯುತ್ತದೆ, ಅದನ್ನು ಯಾವ ಒಪ್ಪಂದವೂ ಕಿತ್ತು ಒಯ್ಯಲಾರದು.

ಇಂದು ಅಲ್ಲಿ ಹೊಸ ಕೇಂದ್ರ ತೆರೆಯುವವರು 1934ರಲ್ಲಿ ಹುಟ್ಟಿದ ಫೆಡರಲ್ ಕಮ್ಯುನಿಕೇಶನ್ಸ್ ಕಮಿಷನ್ನಿನ ಆನ್‌ಲೈನ್ ಪಟ್ಟಿಯಲ್ಲಿ ಯಾವ ಅಕ್ಷರ ಖಾಲಿ ಇದೆ ಎಂದು ನೋಡಿ ಕಾಯ್ದಿರಿಸುತ್ತಾರೆ. ಇನ್ನೊಬ್ಬರ ಎಎಂ ಕೇಂದ್ರಕ್ಕಿರುವ ಅಕ್ಷರವನ್ನೇ ನಿಮ್ಮ ಎಫ್‌ಎಂಗೆ ಹಾಕಬೇಕೆಂದರೆ ಅವರ ಲಿಖಿತ ಒಪ್ಪಿಗೆ ಬೇಕು.  ಮೊದಲು ನೆರೆಯ ಕೇಂದ್ರದವರು 'ಇದು ನಮ್ಮ ಹೆಸರಿನಂತೆ ಕೇಳಿಸುತ್ತದೆ' ಎಂದು ದೂರಿದರೆ ಕಮಿಷನ್ನೇ ಪಂಚಾಯಿತಿ ಮಾಡುತ್ತಿತ್ತು. 1980ರ ದಶಕದಲ್ಲಿ ಅದು ಕೈತೊಳೆದುಕೊಂಡು, ಜಗಳವಿದ್ದರೆ ಕೋರ್ಟಿಗೆ ಹೋಗಿ ಎಂದಿತು.

ಆರಿಸುವಾಗ ನೋಡಬೇಕಾದದ್ದು ಬರೆದರೆ ಹೇಗಿದೆ ಎಂದಲ್ಲ, ಹೇಳಿದರೆ ಹೇಗಿದೆ ಎಂದು. ಇಂಗ್ಲಿಷಿನ ಬಿ, ಡಿ, ಪಿ, ಟಿ, ವಿ ಗರಗರ ಎನ್ನುವ ರೇಡಿಯೊದಲ್ಲಿ ಒಂದೇ ಥರ ಕೇಳುತ್ತವೆ. ಅದಕ್ಕೇ ಪದದಂತೆ ಓದಲು ಬರುವ ಅಕ್ಷರಕ್ಕೆ ಬೇಡಿಕೆ. ಮಂಜು ಮುಸುಕುವ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕೆ-ಫಾಗ್ ಎಂಬ ಕೇಂದ್ರವಿತ್ತು, ಫಾಗ್ ಎಂದರೆ ಮಂಜೇ. ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ 1971ರಲ್ಲಿ ಒಂದು ಎಫ್‌ಎಂ ಕೇಂದ್ರ ದಾನವಾಗಿ ಬಂದಾಗ ಅದು ಡಬ್ಲ್ಯು-ಎಚ್-ಯು-ಆರ್ ಆಯಿತು, ಹೊವಾರ್ಡ್ ಯೂನಿವರ್ಸಿಟಿ ರೇಡಿಯೊ. ನ್ಯೂಯಾರ್ಕಿನವರು 'ಝಡ್ 100' ಎಂದು ಕರೆಯುವ ಕೇಂದ್ರದ ನಿಜವಾದ ಅಕ್ಷರ ಡಬ್ಲ್ಯು-ಎಚ್-ಟಿ-ಝಡ್. ಅದನ್ನು ಗಂಟೆಗೊಮ್ಮೆ, ಲೈಸೆನ್ಸಿನಲ್ಲಿರುವ ಊರಿನ ಹೆಸರಿನ ಜೊತೆ, ಹೇಳಲೇಬೇಕೆಂಬ ಕಾನೂನಿದೆ.

ಇದರಲ್ಲಿ ದುಡ್ಡಿನ ಗುಟ್ಟೂ ಇದೆ. ಜಾಹೀರಾತಿನ ದರ ನಿಲ್ಲುವುದು ಎಷ್ಟು ಜನ ಕೇಳುತ್ತಾರೆ ಎಂಬುದರ ಮೇಲೆ. ಅದನ್ನು ಎಣಿಸಲು ಆರ್ಬಿಟ್ರಾನ್ ಎಂಬ ಕಂಪನಿ ಆಯ್ದ ಜನರಿಗೆ ಒಂದು ವಾರದ ಡೈರಿ ಕೊಡುತ್ತಿತ್ತು. ಅವರು ಕೇಳಿದ ಕೇಂದ್ರದ ಹೆಸರನ್ನು ಅದರಲ್ಲಿ ಬರೆಯಬೇಕು. ದಿನವಿಡೀ ನಿಮ್ಮ ಕೇಂದ್ರ ಕೇಳಿಯೂ ಹೆಸರು ನೆನಪಿಗೆ ಬಾರದೆ ಪಕ್ಕದ ಕೇಂದ್ರದ ಹೆಸರು ಬರೆದರೆ? ಲೆಕ್ಕದಲ್ಲಿ ಅವರು ನಿಮ್ಮ ಕೇಳುಗರೇ ಅಲ್ಲ. ದೊಡ್ಡ ನಗರಗಳಲ್ಲಿ ಈಗ ಮೀಟರು ಬಂದಿದೆ, ಆದರೆ ಹೆಸರು ನಾಲಿಗೆ ತುದಿಯಲ್ಲಿರಬೇಕು ಎಂಬ ಆತಂಕ ಹುಟ್ಟಿದ್ದು ಆ ಡೈರಿಯಿಂದ.

ನಮ್ಮಲ್ಲಿ ಕೇಳುಗರಿಗೆ ಅಕ್ಷರದ ಗೋಜಿಲ್ಲ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ಶುರು ಮಾಡಿದಾಗ ಅದು 'ಆಕಾಶವಾಣಿ' ಎಂದೇ ಹೆಸರಾಯಿತು. ಆ ಹೆಸರನ್ನು 1950ರ ದಶಕದಲ್ಲಿ ಇಡೀ ದೇಶದ ಸರ್ಕಾರಿ ರೇಡಿಯೊ ತನ್ನದಾಗಿಸಿಕೊಂಡಿತು. ಮೈಸೂರಿನ ಒಂದು ಮನೆಯಲ್ಲಿ ಬಳಸಿದ ಪದ ಕಾಶ್ಮೀರದವರೆಗೂ ಹೋಗಿದೆ. ಅದರ ಗುಡ್‌ವಿಲ್ ಲೆಕ್ಕವನ್ನು ಯಾವ ವಿಧಾನದಲ್ಲಿ ಹಾಕುವುದೋ ನಮ್ಮ ಸರ್ ಅವರನ್ನೇ ಕೇಳಬೇಕು.

ನಾನು ಕೆ-ವೈ-ಡಬ್ಲ್ಯು ಕಥೆಯನ್ನು ಅಬ್ಬಾಗೆ ಉರ್ದುವಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿದರು. ಮರುದಿನ ಚಾಚಾ ಜೊತೆ ಮಾತಾಡಿ ಬಂದರು. ಬೋರ್ಡಿನ ಅಕ್ಷರ ಚಾಚಾ ಬಳಿಯೇ ಇರುತ್ತದೆ, ಅದಕ್ಕೆ ಅಬ್ಬಾ ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಹೊಸ ಅಂಗಡಿಯ ಬೋರ್ಡಿನಲ್ಲಿ ಹೆಸರಿನ ಕೆಳಗೆ ದಾದಾ ಅವರ ಪೂರ್ತಿ ಹೆಸರು, ಅವರ ಮಗನ ಅಂಗಡಿ ಎಂದು ಬರೆಸಬಹುದು, ಅದಕ್ಕೆ ಚಾಚಾ ತಕರಾರು ಮಾಡುವಂತಿಲ್ಲ. ಇದನ್ನು ಈ ಸಲ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದಾರೆ. ನನ್ನ ಎರಡು ವರ್ಷದ ಸರಾಸರಿ ಲಾಭದ ಲೆಕ್ಕ ನೋಟ್‌ಬುಕ್ಕಿನಲ್ಲೇ ಉಳಿಯಿತು. ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಸ್ವಲ್ಪ ಬೇಸರವೇ.

ಹೊಸ ಹೆಸರು ಆರಿಸುವ ಕೆಲಸ ನನ್ನ ತಲೆಗೆ ಬಂದಿದೆ. ಬೋರ್ಡಿನವರು ಬಂದು ಅಳತೆ ತೆಗೆದುಕೊಂಡು, ಅರವತ್ತು ಪರ್ಸೆಂಟ್ ಜಾಗ ಕನ್ನಡಕ್ಕೆ ಬೇಕು ಎಂದು ಹೇಳಿ ಹೋದರು. ಹೆಸರು ಶುಕ್ರವಾರ ಜುಮಾ ನಮಾಜ್ ಆದ ಮೇಲೆ ಹೇಳಬೇಕಂತೆ. ಪಟ್ಟಿಯಲ್ಲಿ ಮೂರು ಉಳಿದಿವೆ. ನಿನ್ನೆ ಸಂಜೆ ತಮ್ಮನನ್ನು ಬೀದಿಯ ಆ ತುದಿಗೆ ನಿಲ್ಲಿಸಿ, ಟ್ರಾಫಿಕ್ ಸದ್ದಿನ ನಡುವೆ ಮೂರನ್ನೂ ಫೋನಿನಲ್ಲಿ ಹೇಳಿ, ಕೇಳಿಸಿದ್ದನ್ನು ಚೀಟಿಯಲ್ಲಿ ಬರೆ ಎಂದೆ. ಒಂದನ್ನು ಮಾತ್ರ ಸರಿಯಾಗಿ ಬರೆದುಕೊಂಡು ಬಂದ.